ಸೀಟಿಗೆ ಹೊಲಿದ ಗದ್ದುಗೆ

ನನ್ನ ಮೈದುನ ಓಬಣ್ಣ ಗಾಡಿಗಳ ಕೆಳಗೆ ಮಲಗಿ ಬದುಕಿದವನು. ಹೊಸದುರ್ಗದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಮೆಕ್ಯಾನಿಕ್ ಶೆಡ್ಡಿತ್ತು, ಅಲ್ಲಿ ಅವನ ಕೆಲಸ. ಲಾರಿ, ಬಸ್ಸು, ಜೀಪು, ಯಾವುದು ಕೆಟ್ಟು ಬಂದರೂ ಗೋಣಿಚೀಲ ಹಾಸಿಕೊಂಡು ಅದರಡಿ ನುಗ್ಗುತ್ತಿದ್ದ. ಹೊರಗೆ ಕಾಣುವುದು ಎರಡು ಪಾದ ಮಾತ್ರ. ಬಂದವರು ಆ ಪಾದಗಳನ್ನೇ ಮಾತಾಡಿಸಿ ಹೋಗುತ್ತಿದ್ದರು.

ಅವನಿಗೆ ಎಡಗಣ್ಣು ಇರಲಿಲ್ಲ. ಮೀಸೆ ಮೂಡುವ ವಯಸ್ಸಿನಲ್ಲಿ ಹಿರಿಯೂರಿನ ಹೆದ್ದಾರಿ ಪಕ್ಕದ ಶೆಡ್ಡಿನಲ್ಲಿ ಕೆಲಸ ಕಲಿಯುತ್ತಿದ್ದಾಗ, ತುಕ್ಕು ಹಿಡಿದ ಬೋಲ್ಟಿಗೆ ಉಳಿ ಇಟ್ಟು ಹೊಡೆದ. ಕಬ್ಬಿಣದ ಚೂರು ಸಿಡಿದು ಕಣ್ಣಿಗೆ ಬಿತ್ತು. ಅದಾದ ಮೇಲೆ ಯಾರೂ ಅವನ ಕೈಗೆ ಸ್ಟೇರಿಂಗ್ ಕೊಡಲಿಲ್ಲ. ಲೈಸೆನ್ಸೂ ಸಿಗಲಿಲ್ಲ. ರಿಪೇರಿ ಮುಗಿದ ಗಾಡಿಯನ್ನು ಸ್ಟಾರ್ಟ್ ಮಾಡಿ, ಇಂಜಿನ್ನಿನ ಸದ್ದು ಕೇಳಿ, ಸರಿಯಿದೆ ಎನಿಸಿದರೆ ಇಳಿದುಬಿಡುತ್ತಿದ್ದ. ರಸ್ತೆಗೆ ಒಯ್ಯುವವರು ಬೇರೆಯವರು.

ಅದನ್ನು ಅವನು ಹೇಳಿಕೊಂಡದ್ದಿಲ್ಲ. ನಾನು ಅಂಗಳದಲ್ಲಿ ಕೂತು ಉಣ್ಣೆ ನೂಲುತ್ತಿದ್ದಾಗ ಒಮ್ಮೆ ಮಾತ್ರ ಹೇಳಿದ: "ಅತ್ಗೆಮ್ಮ, ನೂಲು ತೆಗೆಯೋಳು ನೀನು, ಕಂಬಳಿ ಹೊದ್ಕಳೋರು ಯಾರೋ. ನಂದೂ ಹಂಗೇಯ."

ನಮ್ಮದು ಕುರುಬರ ಹಟ್ಟಿ. ಹೊಸದುರ್ಗದಿಂದ ಹೊಳಲ್ಕೆರೆಗೆ ಹೋಗುವ ಟಾರು ರಸ್ತೆಯಿಂದ ಒಂದು ಮೈಲಿ ಒಳಕ್ಕೆ, ಕೆರೆ ಏರಿ ದಾಟಿದರೆ ಸಿಗುತ್ತದೆ. ಗಂಡಸರು ಕುರಿ ಕಾಯುತ್ತಾರೆ, ಕಂಬಳಿ ನೇಯುತ್ತಾರೆ. ಹೆಂಗಸರು ನೂಲು ತೆಗೆಯುತ್ತೇವೆ. ನನ್ನ ಮನೆಯವರು ತೀರಿಕೊಂಡ ಮೇಲೆ ಮೂರು ಕಡೆ ಗೋಡೆಯಿದ್ದ ಅವರ ಮಗ್ಗದ ಚಪ್ಪರ ಖಾಲಿ ಬಿದ್ದಿತ್ತು. ಮಗ್ಗವನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ್ದೆವು. ಎಪ್ಪತ್ತನಾಲ್ಕನೇ ಇಸವಿಯಲ್ಲಿ ಆ ಚಪ್ಪರಕ್ಕೆ ಕಾರು ಬಂತು.

ಕಾರು ಚಿತ್ರದುರ್ಗದ ಎಣ್ಣೆ ಗಿರಣಿ ಸಾಹುಕಾರ್ ಮರುಳಸಿದ್ದಪ್ಪನವರದು. ಬಿಳಿಯರ ಕಾಲದಲ್ಲಿ, ಸಾಹುಕಾರರು ಪ್ರಾಯದವರಾಗಿದ್ದಾಗ ಕೊಂಡದ್ದಂತೆ. ಎರಡೇ ಸೀಟು. ಮೇಲೆ ಚಾವಣಿ ಇಲ್ಲ. ಉದ್ದನೆಯ ಮೂತಿ, ಸೈಕಲ್ಲಿಗೆ ಇರುವಂಥ ಕಡ್ಡಿಯ ಚಕ್ರ. ರೇಸಿಗೆ ಬಿಡುವ ಕಾರು ಎಂದು ಓಬಣ್ಣ ಹೇಳಿದ. ಬಹಳ ವರ್ಷ ಶೇಂಗಾ ಗೋಡೌನಿನ ಮೂಲೆಯಲ್ಲಿ ಬಿದ್ದು, ಮೈಯೊಳಗಿನ ಮರವನ್ನು ಗೆದ್ದಲು ತಿಂದಿತ್ತು, ಸೀಟಿನ ಚರ್ಮವನ್ನು ಇಲಿ ತಿಂದಿತ್ತು. ಸಾಹುಕಾರರು ಮೂರು ಕಡೆ ತೋರಿಸಿದ್ದರು. ಮೂರು ಕಡೆಯವರೂ ಗುಜರಿಗೆ ಹಾಕಿ ಎಂದಿದ್ದರು. ಗಿರಣಿಯ ಲಾರಿ ರಿಪೇರಿಗೆ ಹೋಗಿದ್ದ ಓಬಣ್ಣ ಕಾರಿನ ಕೆಳಗೆ ನುಗ್ಗಿ ನೋಡಿ, "ಎಬ್ಬಸಬೌದು ಸಾಹುಕಾರ್ರೆ, ಮನೀಗೆ ಕಳ್ಸಿಕೊಟ್ರೆ" ಅಂದನಂತೆ.

ಆಗ ಸಾಹುಕಾರರು ಹೇಳಿದ ಮಾತನ್ನು ಓಬಣ್ಣ ಬಂದು ನಮಗೆಲ್ಲ ಹೇಳಿದ. "ನೀನು ಎಬ್ಬಿಸಿದ್ರೆ ಮೊದಲು ಓಡ್ಸೋನೂ ನೀನೇ. ನಿಮ್ಮ ಹಟ್ಟಿಯಿಂದ ಟಾರು ರಸ್ತೆವರೆಗೆ. ಅಲ್ಲಿಂದ ಮುಂದೆ ಪೊಲೀಸ್ರು ಇರ್ತಾರೆ, ನಮ್ಮ ಡ್ರೈವರ್ ಓಡ್ಸಲಿ."

ಆ ಒಂದು ಮೈಲಿಗಾಗಿ ಓಬಣ್ಣ ಕೆಲಸ ಒಪ್ಪಿಕೊಂಡ. ಕೂಲಿಯ ಮಾತು ಆಮೇಲೆ ಬಂತು.

ಲಾರಿಯಿಂದ ಇಳಿಸಿದ ಕಾರನ್ನು ಹಟ್ಟಿಯವರೆಲ್ಲ ಸೇರಿ ಚಪ್ಪರದೊಳಕ್ಕೆ ನೂಕಿದರು. ಬಾಗಿಲು ಬಡಗಣಕ್ಕೆ ಇದ್ದುದರಿಂದ ಕಾರಿನ ಮೂತಿ ತೆಂಕಣಕ್ಕೆ ನಿಂತಿತು. ಇದನ್ನು ಈಗಲೇ ಹೇಳುತ್ತಿದ್ದೇನೆ, ಏಕೆಂದರೆ ಮುಂದಿನದೆಲ್ಲ ಇದರಿಂದಲೇ ಆಯಿತು. ಆಗ ಯಾರಿಗೂ ಅದು ತಪ್ಪೆಂದು ಕಾಣಲಿಲ್ಲ.

ಶೆಡ್ಡಿನಿಂದ ಬಂದ ಮೇಲೆ ಕತ್ತಲಾಗುವವರೆಗೆ, ರಜೆಯ ಸೋಮವಾರ ಇಡೀ ದಿನ, ಓಬಣ್ಣ ಚಪ್ಪರದಲ್ಲಿ ಇರುತ್ತಿದ್ದ. ಗೆದ್ದಲು ತಿಂದ ಮರದ ಅಳತೆ ತೆಗೆದುಕೊಂಡು ತಾಳ್ಯಕ್ಕೆ ಹೋಗಿ, ಎತ್ತಿನ ಗಾಡಿ ಮಾಡುವ ಬಡಗಿಯ ಹತ್ತಿರ ಕರಿಜಾಲಿ ಮರದಲ್ಲಿ ಕಾರಿನ ಎಲುಬು ಕೊರೆಸಿದ. ಅದರ ಮೇಲೆ ತಗಡು. ತಗಡನ್ನು ಮರಳು ತುಂಬಿದ ಚೀಲದ ಮೇಲಿಟ್ಟು ಮರದ ಕೊಡತಿಯಿಂದ ಬಡಿದು ಬಗ್ಗಿಸಿದ. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ, ಸದ್ದು ಒಂದೇ ಸಮ ಬರುವವರೆಗೆ ಬಿಗಿ ಮಾಡಿದ. ಇಂಜಿನ್ನಿನ ಸಾಮಾನಿಗೆ ಹಿರಿಯೂರಿನ ಹಳೆ ಸಾಮಾನಿನ ಅಂಗಡಿಗಳನ್ನು ಸುತ್ತಿದ. ಅಲ್ಲಿ ಸಿಕ್ಕದ್ದನ್ನು ಅರದಿಂದ ಉಜ್ಜಿ ಹೊಂದಿಸಿದ.

ಅವನ ಹೆಂಡತಿ ಏಕನಾಥಮ್ಮನಿಗೆ ಈ ಕಾರು ಸವತಿಯ ಹಾಗೆ.

"ಏನ್ರಿ, ಉಣ್ಣಾಕಾದ್ರೂ ಹೊರಗೆ ಬರ್ರಿ. ಇಲ್ಲಾಂದ್ರೆ ಮುದ್ದೆ ಅಲ್ಲಿಗೇ ಉರುಳಿಸ್ತೀನಿ."

"ಉರುಳ್ಸು. ಗ್ರೀಸ್ ಖಾಲಿ ಆಗೈತೆ, ಅದನ್ನೇ ಹಚ್ತೀನಿ" ಎಂದು ಒಳಗಿನಿಂದ ಉತ್ತರ ಬರುತ್ತಿತ್ತು.

ಮೊದಲ ಸಲ ಬಣ್ಣ ಹೊಡೆದದ್ದು ಕೆಟ್ಟಿತು. ಕಡುಹಸಿರು ಬಣ್ಣ, ಕನ್ನಡಿಯಂತೆ ಹೊಳೆಯುತ್ತಿತ್ತು. ಪಕ್ಕದ ಅಂಗಳದಲ್ಲಿ ನಾವು ಹೆಂಗಸರು ಉಣ್ಣೆ ಹಿಂಜುತ್ತಿದ್ದೆವು. ಗಾಳಿ ತಿರುಗಿತು. ಹಾರಿದ ಉಣ್ಣೆ ಹಸಿ ಬಣ್ಣಕ್ಕೆ ಮೆತ್ತಿಕೊಂಡು ಕಾರಿಗೆ ಮೈಯೆಲ್ಲ ರೋಮ ಬಂತು. ನೋಡಲು ಬಂದ ಪೂಜಾರಿ ಸಣ್ಣತಿಮ್ಮಪ್ಪ, "ಏನಪ್ಪ ಓಬಣ್ಣ, ಕುರಿ ಚೆನ್ನಾಗಿ ಬೆಳದೈತೆ. ಯಾವಾಗ ಕತ್ತರಿ ಹಾಕ್ತೀಯ?" ಅಂದ. ಓಬಣ್ಣ ನಗಲಿಲ್ಲ. ಬಣ್ಣ ಒಣಗಿದ ಮೇಲೆ ಅಷ್ಟನ್ನೂ ಉಪ್ಪುಕಾಗದದಿಂದ ಉಜ್ಜಿ ತೆಗೆದು ಮತ್ತೆ ಹೊಡೆದ. ಆ ಸಲ ನಾವು ಹಿಂಜುವುದನ್ನು ನಿಲ್ಲಿಸಿದೆವು.

ಸಣ್ಣತಿಮ್ಮಪ್ಪ ನಮ್ಮ ಹಟ್ಟಿಯ ಬೀರಪ್ಪ ದೇವರ ಪೂಜಾರಿ. ನೇಯ್ಗೆಯಲ್ಲೂ ಅವನದೇ ಒಳ್ಳೆಯ ಕೈ. ಕೊನೆಗೆ ಉಳಿದದ್ದು ಸೀಟಿನ ಕೆಲಸ. ಚರ್ಮ ತರಿಸೋಣ ಎಂದರೆ ಚಪ್ಪರ ದೇವರ ಗುಡಿಯ ಎದುರಿಗೇ ಇದೆ, ಅಲ್ಲಿಗೆ ನಾವು ಚಪ್ಪಲಿಯನ್ನೂ ತರುವುದಿಲ್ಲ. ಹಾಗಾಗಿ ಕಂಬಳಿಯದೇ ಹೊದಿಕೆ ಎಂದು ತೀರ್ಮಾನವಾಯಿತು. ಕರಿಕುರಿಯ ಉಣ್ಣೆ ಆರಿಸಿ ನಾನು ನೂಲು ತೆಗೆದೆ. ಸಣ್ಣತಿಮ್ಮಪ್ಪ ನೇಯ್ದು, ಹುಣಸೆ ಬೀಜದ ಗಂಜಿ ಹಾಕಿ ಬಿರುಸು ಮಾಡಿಕೊಟ್ಟ. ಎರಡೂ ಸೀಟುಗಳ ಸ್ಪ್ರಿಂಗಿನ ಮೇಲೆ ಉಣ್ಣೆ ತುಂಬಿ, ಕಂಬಳಿ ಎಳೆದು ಕಟ್ಟಿ, ಅಂಚಿಗೆಲ್ಲ ಎರಡೆಳೆ ನೂಲಿನಲ್ಲಿ ನಾನೇ ಹೊಲಿದೆ. ಕೆಳಗಡೆ ಓಬಣ್ಣ ಸಣ್ಣ ಮೊಳೆ ಹೊಡೆದ. ಹೊಲಿಗೆ ಬಿಡಬಾರದು ಎಂದು ಒಂದೊಂದು ಹೊಲಿಗೆಗೂ ಗಂಟು ಹಾಕಿದ್ದೆ.

ಕಂಬಳಿಯ ವಿಷಯದಲ್ಲಿ ನಮ್ಮವರ ನಡೆ ಹೇಳಬೇಕು. ದೇವರಿಗೆ ಕಲ್ಲಿನ ಪೀಠ ಬೇಕಿಲ್ಲ. ಎಲ್ಲಿ ಪೂಜೆಯೋ ಅಲ್ಲಿ ಕರಿಕಂಬಳಿ ಹಾಸಿ, ಭಂಡಾರ ಚೆಲ್ಲಿ, ಎಲೆ ಅಡಿಕೆ ಇಟ್ಟು ದೇವರನ್ನು ಕರೆದರೆ ಅದೇ ಗದ್ದುಗೆ. ಭಂಡಾರ ಎಂದರೆ ಅರಿಸಿನದ ಪುಡಿ. ಕರೆದ ಮೇಲೆ ಅದರ ಮೇಲೆ ಮನುಷ್ಯರು ಕೂರುವುದಿಲ್ಲ. ಪೂಜೆ ಮುಗಿದರೆ ಪೂಜಾರಿ ಕೈಮುಗಿದು, ಕಂಬಳಿಯನ್ನು ಮಡಚಿ ಎತ್ತಿ ಒಳಗೆ ಇಡುತ್ತಾನೆ. ಅದನ್ನು ಗದ್ದುಗೆ ಎತ್ತುವುದು ಅನ್ನುತ್ತೇವೆ. ಹಾಗೆ ಎತ್ತಿದ ಕಂಬಳಿಯನ್ನು ಆಮೇಲೆ ಹಾಸಿಗೆಗೂ ಹೊದಿಕೆಗೂ ಬಳಸುವುದಿಲ್ಲ. ಅದು ದೇವರಿಗೆ ಸೇರಿದ್ದು.

ಎಪ್ಪತ್ತಾರರ ಸುಗ್ಗಿ ಮುಗಿದ ಮೇಲೆ ಒಂದು ಸೋಮವಾರ ಕಾರು ಹೊರಡುವುದೆಂದು ಆಯಿತು. ಇಂಜಿನ್ ಅಷ್ಟರಲ್ಲಿ ನಾಲ್ಕಾರು ಸಲ ಎದ್ದು ಕೂಗಿತ್ತು. ಓಬಣ್ಣ ಮಾತ್ರ ಚಕ್ರವನ್ನು ಒಂದು ಗೇಣೂ ಉರುಳಿಸಿರಲಿಲ್ಲ, ಒಮ್ಮೆಯೂ ಒಳಗೆ ಕೂತಿರಲಿಲ್ಲ. ಪೂಜೆ ಆಗಲಿ ಎಂದು ಕಾದಿದ್ದ.

ಬೆಳಗಿನ ಬಸ್ಸಿಗೆ ಚಿತ್ರದುರ್ಗದಿಂದ ಸಾಹುಕಾರರ ಡ್ರೈವರ್ ಮಾರಣ್ಣ ಬಂದ. ಖಾಕಿ ಷರ್ಟು, ಕೈಯಲ್ಲಿ ಟೋಪಿ. ಕಾರನ್ನು ಸುತ್ತ ತಿರುಗಿ ನೋಡಿ, "ಅಲಲಾ, ಇದೇನು ಅದೇ ಕಾರಾ? ಗೋಡೌನ್‌ನಾಗೆ ಕೋಳಿ ಮೊಟ್ಟೆ ಇಕ್ತಿದ್ವು ಇದ್ರೊಳಗೆ" ಅಂದ. ಏಕನಾಥಮ್ಮ ಅವನಿಗೆ ಮಜ್ಜಿಗೆ ಕೊಟ್ಟಳು.

ಪೂಜೆಗೆ ಸಣ್ಣತಿಮ್ಮಪ್ಪ ಮಿಂದು ಬಂದ. ಕಾರಿನ ಮೂತಿಗೆ ಪೂಜೆ ಮಾಡಬೇಕೆಂದರೆ ಮೂತಿ ತೆಂಕಣದ ಗೋಡೆಗೆ ಒತ್ತಿಕೊಂಡಿದೆ. ನಿಲ್ಲಲು ಜಾಗವಿಲ್ಲ. ಜಾಗವಿದ್ದರೂ ಯಮನ ದಿಕ್ಕು. ಅವನು ಅತ್ತ ಇತ್ತ ನೋಡಿ, ಮೂಡಲಿಗೆ ಮುಖ ಮಾಡಿ ನಿಲ್ಲುವ ಜಾಗ ಹುಡುಕಿದ. ಅದು ಸಿಕ್ಕಿದ್ದು ಕಾರಿನ ಬಲಮಗ್ಗುಲಲ್ಲಿ. ಅಲ್ಲಿ ನಿಂತವನ ಎದುರಿಗೆ ಏನಿತ್ತೆಂದರೆ ಡ್ರೈವರ್ ಸೀಟು, ಅದರ ಮೇಲೆ ಹೊಸ ಕರಿಕಂಬಳಿ, ಅದೂ ತಾನೇ ನೇಯ್ದದ್ದು. ಹುಟ್ಟಿದಾಗಿನಿಂದ ಮಾಡಿದ ಕೈ, ಕಂಬಳಿ ಕಂಡ ಕೂಡಲೇ ತನ್ನ ಕೆಲಸ ತಾನು ಮಾಡಿತು. ಭಂಡಾರ ಚೆಲ್ಲಿದ. ಎಲೆ ಇಟ್ಟ, ಅಡಿಕೆ ಇಟ್ಟ. "ಬಾರಪ್ಪ ಬೀರಪ್ಪ, ಗದ್ದುಗೆಗೆ ದಯಮಾಡಿಸು" ಎಂದು ಕರೆದ. ಕಾಯಿ ಒಡೆದ. ನಾವೆಲ್ಲ ಕೈಮುಗಿದು ನಿಂತಿದ್ದೆವು, ಯಾರಿಗೂ ಹೊಳೆಯಲಿಲ್ಲ.

ಓಬಣ್ಣ ತೊಳೆದ ಅಂಗಿ ಹಾಕಿದ್ದ. ಮಂಗಳಾರತಿ ತೆಗೆದುಕೊಂಡು, ಕಾರಿನ ಸಣ್ಣ ಬಾಗಿಲು ತೆಗೆದು ಕಾಲು ಎತ್ತಿದ.

"ಲೇ ಓಬಣ್ಣ, ಕಾಲು ತೆಗಿ!" ಎಂದು ಸಣ್ಣತಿಮ್ಮಪ್ಪ ಕೂಗಿಕೊಂಡ.

ಓಬಣ್ಣ ಒಂಟಿಕಾಲಲ್ಲಿ ನಿಂತ. "ಯಾಕಜ್ಜ?"

"ಗದ್ದುಗೆ ಕಣೋ. ದೇವ್ರು ಕುಂತೈತೆ."

ಓಬಣ್ಣ ಕಾಲನ್ನು ಮೆಲ್ಲಗೆ ನೆಲಕ್ಕೆ ಇಟ್ಟ.

"ಕರೆದಿದ್ದು ನೀನು. ಎದ್ದೇಳು ಅಂತ ನೀನೇ ಹೇಳು" ಅಂದಳು ಏಕನಾಥಮ್ಮ.

"ಹೇಳ್ತೀನಿ ತಾಯಿ, ಅದಕ್ಕೇನು. ಗದ್ದುಗೆ ಎತ್ತಿದ್ರಾತು." ಸಣ್ಣತಿಮ್ಮಪ್ಪ ಬಗ್ಗಿ ಕಂಬಳಿಯ ಅಂಚು ಹಿಡಿದ. ಹಿಡಿಯಲು ಅಂಚೇ ಸಿಗಲಿಲ್ಲ. ಸುತ್ತಲೂ ಬೆರಳು ಆಡಿಸಿ, ತಲೆ ಎತ್ತಿ ನನ್ನನ್ನು ನೋಡಿದ. "ಎಂಥಾ ಹೊಲಿಗೆ ಹಾಕೀಯ ಯಕ್ಕ!"

"ಬಿಡಬಾರ್ದು ಅಂತಲೇ ಹಾಕಿದ್ದು" ಅಂದೆ.

"ಕತ್ತರಿ ತಂದು ಬಿಚ್ರಿ ಮತ್ತೆ" ಅಂದ ಮಾರಣ್ಣ.

"ಗದ್ದುಗೆಗೆ ಕತ್ತರಿ ಹಾಕಾದಾ? ನಮ್ಮ ತಾತನ ಕಾಲದಾಗೂ ಕೇಳಿಲ್ಲ. ದೇವ್ರು ಕುಂತಿರುವಾಗ ಕೆಳಗಿಂದು ಹರಿಯೋದು ಅಂದ್ರೆ ಏನು?" ಅಂದ ಸಣ್ಣತಿಮ್ಮಪ್ಪ.

ಮಾರಣ್ಣ ಬಿಸಿಲು ನೋಡಿದ. "ಸಾಹುಕಾರ್ರು ಸಂಜಿಗೆ ಗಿರಣಿ ಬಾಗಲಾಗೆ ಕಾಯ್ತಿರ್ತಾರೆ. ಒಂದ್ ಕೆಲ್ಸ ಮಾಡಾಣ. ನಂದು ನಿಮ್ಮ ಹಟ್ಟಿ ಅಲ್ಲ, ನಂಗ್ಯಾವ ಗದ್ದುಗೆ. ನಾನೇ ಕುಂತು ಓಡಿಸ್ಕೊಂಡು ಹೋಗ್ತೀನಿ."

"ಕುಂತ್ಕಳ್ರಿ. ಯಾರು ಬ್ಯಾಡ ಅಂದ್ರು?" ಅಂದಳು ಏಕನಾಥಮ್ಮ. "ಹಿಂದ್ಕೆ ಒಬ್ರು ಹಿಂಗೇ ಗದ್ದುಗೆ ಮ್ಯಾಲೆ ಕುಂತಿದ್ರು. ಅವ್ರು ಕುಂತೋರು ಏಳಲೇ ಇಲ್ಲ."

"ಯಾರದು?"

"ನಮ್ಮ ಅತ್ತೆ ಹೇಳ್ತಿದ್ರು. ಅವ್ರೂ ಡ್ರೈವರ್ರೇ ಇರಬೇಕು."

ಮಾರಣ್ಣ ಟೋಪಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕಿಕೊಂಡ. "ಹಂಗಾದ್ರೆ ಗಿರಣಿ ಲಾರಿ ಕರೆಸ್ತೀನಿ. ಹಗ್ಗ ಕಟ್ಟಿ ಎಳ್ಕೊಂಡು ಹೋಗಾಣ. ಗದ್ದುಗೇನೂ ಬರ್ಲಿ, ದೇವ್ರೂ ಬರ್ಲಿ. ದುರ್ಗದಾಗೆ ಸಾಹುಕಾರ್ರೇ ಏನಾದ್ರೂ ಮಾಡ್ಕಳ್ಳಿ" ಅಂದ.

ಲಾರಿ ಬಂದರೆ ಓಬಣ್ಣನ ಒಂದು ಮೈಲಿ ಹೋಯಿತು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಓಬಣ್ಣನ ಕಡೆ ನೋಡಿದರು. ಓಬಣ್ಣ ತೊಳೆದ ಅಂಗಿಯನ್ನು ಬಿಚ್ಚಿ ಗೂಟಕ್ಕೆ ಹಾಕಿದ. ಮೂಲೆಯಿಂದ ಗೋಣಿಚೀಲ ತೆಗೆದು ಹಾಸಿ, ಕಾರಿನ ಕೆಳಗೆ ನುಗ್ಗಿ ಮಲಗಿಬಿಟ್ಟ. ಎರಡು ಪಾದ ಕಾಣುತ್ತಿದ್ದವು.

ಏಕನಾಥಮ್ಮ ಸೆರಗು ಬಾಯಿಗೆ ಇಟ್ಟುಕೊಂಡಳು. ಸಣ್ಣತಿಮ್ಮಪ್ಪ ಕಂಬಕ್ಕೆ ಒರಗಿ ಕೂತ. "ನನ್ನ ಕೈಗೆ ಏನು ಬಂದಿತ್ತು" ಎಂದು ಒಂದೇ ಸಮನೆ ಹೇಳಿಕೊಳ್ಳುತ್ತಿದ್ದ. ಓಬಣ್ಣ ಮುನಿಸಿಕೊಂಡಿದ್ದಾನೆ ಎಂದೇ ನಾವು ಅಂದುಕೊಂಡೆವು. ಕಾರಿನ ಕೆಳಗಿನಿಂದ ಒಂದು ಸದ್ದು ಬರತೊಡಗಿತು. ಕಿರ್ ಎನ್ನುವುದು, ನಿಲ್ಲುವುದು, ಮತ್ತೆ ಕಿರ್ ಎನ್ನುವುದು. ಮಾರಣ್ಣ ಕಿವಿಗೊಟ್ಟು ಕೇಳಿ, "ಸ್ಪ್ಯಾನರ್ ತಿರುಗಿಸ್ತಾ ಅವ್ನೆ" ಅಂದ.

ಆಮೇಲೆ ಓಬಣ್ಣನ ದನಿ ಕೆಳಗಿನಿಂದ ಬಂತು. "ತಿಮ್ಮಪ್ಪಜ್ಜ, ಗದ್ದುಗೆ ಎತ್ತಬೌದಾ?"

"ಎತ್ತಬೌದು ಕಣಪ್ಪ. ಕಂಬಳಿ ಬಿಡವಲ್ದಲ್ಲ."

"ಕಂಬಳಿ ಸೀಟು ಬಿಡಲ್ಲ. ಸೀಟು ಕಾರು ಬಿಟ್ಟೈತೆ. ಎತ್ರಿ."

ಸೀಟನ್ನು ಕಾರಿನ ನೆಲಕ್ಕೆ ಹಿಡಿದಿದ್ದುದು ನಾಲ್ಕು ಬೋಲ್ಟು. ನಾಲ್ಕನ್ನೂ ಅಂಗೈಯಲ್ಲಿ ಹಿಡಿದುಕೊಂಡು ಅವನು ಹೊರಗೆ ಬಂದ.

ಸಣ್ಣತಿಮ್ಮಪ್ಪ ಕೂಡಲೇ ಒಪ್ಪಲಿಲ್ಲ. ಎದ್ದು ಬಂದು ಸೀಟನ್ನು ನೋಡಿದ, ಗುಡಿಯ ಕಡೆ ನೋಡಿದ. "ಕಂಬಳಿ ಒಂದೇ ಎತ್ತೋದು ವಾಡಿಕೆ" ಅಂದ.

"ಪಲ್ಲಕ್ಕಿಯಾಗೆ ಕೂರಿಸಿ ಹೊರಡಿಸಲ್ವಾ?" ಅಂದ ಓಬಣ್ಣ. "ಅದಕ್ಕೂ ಕಾಲು ಅವೆ, ಇದಕ್ಕೂ ಅವೆ."

ಸಣ್ಣತಿಮ್ಮಪ್ಪ ಅದನ್ನು ಮನಸ್ಸಿನಲ್ಲಿ ತಿರುವಿ ಹಾಕಿದ. ಮತ್ತೆ ಕೈಕಾಲು ತೊಳೆದು ಬಂದು, ಕೈಮುಗಿದು, "ಎದ್ದೇಳಪ್ಪ, ಮನೀಗೆ ಹೋಗಾಣ" ಎಂದು ದೇವರಿಗೆ ಹೇಳಿದ. ಅವನೂ ಓಬಣ್ಣನೂ ಎರಡು ಕಡೆ ಹಿಡಿದು ಎತ್ತಿದರು. ಎಲೆ ಅಡಿಕೆ ಅಲುಗಲಿಲ್ಲ. ಗುಡಿಯ ಬಾಗಿಲಲ್ಲಿ ಸೀಟು ಹಿಡಿಸದು. ಹತ್ತಿರದ ಮನೆ ನನ್ನದೇ ಆದ್ದರಿಂದ, ನನ್ನ ಮನೆಯ ದೇವರ ಮೂಲೆಯಲ್ಲಿ ಇಳಿಸಿದರು.

"ಪೂಜೆ ಮುಗೀತಲ್ಲ, ಈಗ ತಿರುಗಾ ತಂದು ಹಾಕಬೌದಾ?" ಎಂದು ಮಾರಣ್ಣ ಕೇಳಿದ.

"ಎತ್ತಿದ ಗದ್ದುಗೆ ಮ್ಯಾಲೆ ಯಾರೂ ಕೂರಲ್ಲ" ಅಂದ ಸಣ್ಣತಿಮ್ಮಪ್ಪ. "ಅದು ಅಲ್ಲೇ ಇರೋದು."

ಈಗ ಕಾರಿಗೆ ಎಡಗಡೆ ಸೀಟಿತ್ತು, ಬಲಗಡೆ ಬರಿಯ ನೆಲ. ಎಡಗಡೆಯದರ ಬೋಲ್ಟಿನ ತೂತು ಬಲಗಡೆಗೆ ಹೊಂದುತ್ತಿರಲಿಲ್ಲ. ಏಕನಾಥಮ್ಮ ಊಟದ ಮಣೆ ತಂದಳು. ಓಬಣ್ಣ ಅದರ ಮೇಲೆ ಕೂತರೆ ಸ್ಟೇರಿಂಗಿನ ಮೇಲೆ ಅವನ ಹಣೆ ಮಾತ್ರ ಕಂಡಿತು. ಮಣೆಯ ಮೇಲೆ ಉಣ್ಣೆ ಚೀಲ ಇಟ್ಟಳು. ಚೀಲ ಕುಸಿದು ಮತ್ತೆ ಅಷ್ಟಕ್ಕೇ ಬಂತು. "ಮುಂದೆ ರಸ್ತೆ ಐತಾ ಗೋಡೆ ಐತಾ, ಏನು ಕಾಣ್ತೈತೆ?" ಎಂದು ಮಾರಣ್ಣ ಕೇಳಿದ. "ಸ್ಪೀಡೋಮೀಟರ್ ಕಾಣ್ತೈತೆ" ಅಂದ ಓಬಣ್ಣ.

ನಾನು ಒಳಗೆ ಹೋಗಿ ಅಟ್ಟದಿಂದ ಮಗ್ಗದ ಹಲಗೆ ಇಳಿಸಿದೆ. ನನ್ನ ಮನೆಯವರು ನೇಯುವಾಗ ಕೂರುತ್ತಿದ್ದ ಹಲಗೆ. ಮೊಳದ ಮೇಲೆ ಗೇಣು ಉದ್ದ. ಸೀಟಿಗೆ ಕಂಬಳಿ ಅಳೆದವಳು ನಾನೇ ಆದ್ದರಿಂದ ಆ ಜಾಗದ ಅಗಲ ನನಗೆ ಗೊತ್ತಿತ್ತು. ಎರಡು ಪಕ್ಕದ ಜಾಲಿಮರದ ಅಂಚಿನ ಮೇಲೆ ಹಲಗೆ ಇಟ್ಟರೆ ಸರಿಯಾಗಿ ಕೂತಿತು. ಓಬಣ್ಣ ಹಲಗೆಯನ್ನು ನೋಡಿ, "ಅಣ್ಣಂದಲ್ವಾ?" ಅಂದ. ಹೌದು ಅಂದೆ. ಅವನು ಅಂಗಿ ಹಾಕಿಕೊಂಡು ಹತ್ತಿ ಕೂತ. ಎತ್ತರ ಸರಿಹೋಯಿತು.

ಕಾರನ್ನು ಹಿಂದಕ್ಕೆ ನೂಕಿ ಚಪ್ಪರದಿಂದ ಹೊರಗೆ ತಂದು ತಿರುಗಿಸಿ ನಿಲ್ಲಿಸಿದೆವು. ಇಂಜಿನ್ ಒಂದೇ ಸಲಕ್ಕೆ ಎದ್ದಿತು. ಮಾರಣ್ಣ ಎಡಗಡೆ ಸೀಟಿನಲ್ಲಿ, ಕಂಬಳಿಯ ಮೇಲೆ ಭಂಡಾರ ಇಲ್ಲವೆಂದು ಕೈಯಿಂದ ಸವರಿ ನೋಡಿದ ಮೇಲೆ ಕೂತ.

"ನೋಡಪ್ಪ, ಬಲಗಡಿಗೆ ನೀನು ನೋಡ್ಕಾ. ಎಡಗಡಿಗೆ ನಾನು ಹೇಳ್ತೀನಿ" ಅಂದ.

ಕಾರು ಹೊರಟಿತು. ನಡೆಯುವವರ ಜೊತೆಗೇ ಹೋಗುತ್ತಿತ್ತು, ಅಷ್ಟು ನಿಧಾನ. ಹಟ್ಟಿಯವರು ಹಿಂದೆ ಮುಂದೆ ನಡೆದರು. ನಾನೂ ಕೆರೆ ಏರಿಯವರೆಗೆ ನಡೆದೆ. "ಎಡಕ್ಕೆ ಕಲ್ಲು! ಎಡಕ್ಕೆ ಹಳ್ಳ! ಎಡಕ್ಕೆ ಮುದುಕಿ!" ಎಂದು ಮಾರಣ್ಣ ಕೂಗುತ್ತಿದ್ದ. ಮುದುಕಿ ಎಂದರೆ ನಾನೇ. ಏರಿಯ ಮೇಲೆ ಎದುರಿಗೆ ಕುರಿಮಂದೆ ಬಂತು. ಓಬಣ್ಣ ನಿಲ್ಲಿಸಿದ. ಕುರಿಗಳು ಕಾರನ್ನು ಸುತ್ತಿಕೊಂಡು, ಮಾರಣ್ಣನ ಸೀಟನ್ನು ಮೂಸಿದವು. ಒಂದು ಟಗರು ಅವನ ತೊಡೆಯ ಮೇಲೆ ಮೂತಿ ಇಟ್ಟಿತು. "ಅವ್ರ ಉಣ್ಣೆ ಮ್ಯಾಲೆ ಕುಂತೀಯ, ಬಾಡಿಗೆ ಕೇಳ್ತಾವೆ" ಎಂದು ಓಬಣ್ಣ ನಕ್ಕ. ಆ ದಿನ ಅವನು ನಕ್ಕದ್ದು ಅದೊಂದೇ ಸಲ ಕಂಡೆ.

ಏರಿ ಇಳಿದ ಮೇಲೆ ರಸ್ತೆ ನೆಟ್ಟಗಿದೆ. ಅಲ್ಲಿ ಅವನು ವೇಗ ಕೊಟ್ಟ. ಧೂಳೆದ್ದಿತು, ಆಮೇಲೆ ನನಗೆ ಧೂಳು ಮಾತ್ರ ಕಂಡಿತು. ಮುಂದಿನದನ್ನು ಓಡಿಹೋದವರು ಹೇಳಿದರು. ಮುಂದಿನ ಚಕ್ರ ಟಾರಿಗೆ ಮುಟ್ಟಲು ಇನ್ನು ಒಂದು ಗೇಣು ಇದೆ ಎನ್ನುವಾಗ ನಿಲ್ಲಿಸಿದನಂತೆ.

"ಇನ್ನೊಂದು ಹೆಜ್ಜೆ ಓಡ್ಸು ಮಾರಾಯ. ಹೊಳಲ್ಕೆರೆ ಗಂಟ ಯಾವ ಪೊಲೀಸ್ ಅದಾನೆ?" ಅಂದನಂತೆ ಮಾರಣ್ಣ.

"ಸಾಹುಕಾರ್ರು ಹೇಳಿದ್ದು ಇಲ್ಲೀತಂಕ" ಎಂದು ಓಬಣ್ಣ ಇಳಿದ. ಮಾರಣ್ಣ ಹಲಗೆಯ ಮೇಲೆ ಕೂತು ಚಿತ್ರದುರ್ಗದ ಕಡೆಗೆ ಹೋದ. ಓಬಣ್ಣ ನಡೆದು ಬಂದು, ಮುದ್ದೆ ಉಂಡು, ಚಪ್ಪರ ಗುಡಿಸಿದ. ಮರುದಿನ ಹೊಸದುರ್ಗದಲ್ಲಿ ಒಂದು ಲಾರಿಯ ಕೆಳಗಿದ್ದ.

ಸಾಹುಕಾರರು ನಡೆದದ್ದನ್ನೆಲ್ಲ ಕೇಳಿ, ಅದೇ ಹಲಗೆಯ ಮೇಲೆ ಕೂತು ಗಿರಣಿಯ ಅಂಗಳದಲ್ಲಿ ಒಂದು ಸುತ್ತು ಹೊಡೆದರಂತೆ. ಆಮೇಲೆ ದಾವಣಗೆರೆಯಲ್ಲಿ ರೆಕ್ಸಿನ್ ಸೀಟು ಮಾಡಿಸಿದರು. ಹಲಗೆಯನ್ನು ಮಾರಣ್ಣ ತಂದುಕೊಟ್ಟ. ಅದನ್ನು ಮತ್ತೆ ಅಟ್ಟಕ್ಕೆ ಹಾಕಿದ್ದೇನೆ.

ಗದ್ದುಗೆ ನನ್ನ ಮನೆಯಲ್ಲೇ ಇದೆ. ಹಬ್ಬ ಹರಿದಿನಕ್ಕೆ ಸಣ್ಣತಿಮ್ಮಪ್ಪ ಬಂದು ಭಂಡಾರ ಹಾಕಿ ಹೋಗುತ್ತಾನೆ. ಬಂದ ನೆಂಟರು ಕುರ್ಚಿ ಎಂದು ಕೂರಲು ಹೋಗುತ್ತಾರೆ, ಅವರಿಗೆ ಚಾಪೆ ಹಾಸುತ್ತೇನೆ. ಹೊಲಿಗೆ ಒಂದೂ ಬಿಟ್ಟಿಲ್ಲ. ಆ ನಾಲ್ಕು ಬೋಲ್ಟುಗಳು ಸೀಟಿನ ಅಡಿಯಲ್ಲಿ ಒಂದು ಬಟ್ಟೆಯ ಗಂಟಿನಲ್ಲಿವೆ. ದೀಪಾವಳಿಯ ಪೂಜೆಗೆ ಓಬಣ್ಣ ಬಂದಾಗ ಗಂಟು ಬಿಚ್ಚಿ, ತುಕ್ಕು ಹಿಡಿಯದ ಹಾಗೆ ಅವಕ್ಕೆ ಎಣ್ಣೆ ಸವರಿ, ಮತ್ತೆ ಕಟ್ಟಿ ಅಲ್ಲೇ ಇಡುತ್ತಾನೆ.